ಸೋಸುವ ಅರಿವೆ

ನಿಮ್ಮ ಮನೆಯಲ್ಲೂ ಇದ್ದೀತು ಅಂಥದೊಂದು ಅರಿವೆ: ಹಳೆಯ ಧೋತರದಿಂದ ಹರಿದು ನಾಲ್ಕು ಮಡಿಕೆ ಮಾಡಿದ, ಅಂಚು ಹಳದಿಗಟ್ಟಿದ, ಕುಡಿಯುವ ನೀರು ಸೋಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಮುಟ್ಟಕೂಡದ ತುಂಡು. ಸವಣೂರಿನ ನಮ್ಮ ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ಟಾಕಿಯಲ್ಲಿ ನಿಂತು ನಿಂತು ಕೊನೆಯ ದಿನಗಳಲ್ಲಿ ಅದರೊಳಗೆ ಸಣ್ಣ ಹುಳುಗಳು ಕುಣಿಯತೊಡಗುತ್ತವೆ. ಅವ್ವ ಸೋಸುತ್ತಾಳೆ, ಆದರೆ ಅರಿವೆಯನ್ನು ಎಲ್ಲರಂತೆ ಒಣನೆಲಕ್ಕೆ ಝಾಡಿಸುವುದಿಲ್ಲ. ಹಿತ್ತಿಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದ ಕಾಲದ ಕಲ್ಲಿನ ಡೋಣಿಯಿದೆ, ಈಗ ಗುಬ್ಬಿಗಳಿಗೆ ನೀರಿಡುವುದಕ್ಕೆ. ಅದರಲ್ಲಿ ಅರಿವೆಯನ್ನು ಮೆಲ್ಲಗೆ ಅದ್ದಿ, ಒಂದೂ ಸಾಯದಂತೆ ಹುಳುಗಳನ್ನು ಬಿಟ್ಟು ಬರುತ್ತಾಳೆ. ಇರುವೆ ಕಾಲಿಗೆ ಸಿಕ್ಕರೂ ಕಣ್ಣು ಮುಚ್ಚಿ ಶಿವನನ್ನು ನೆನೆಯುವ ಹೆಂಗಸು. ಅವಳ ಈ ಕರುಣೆಯನ್ನು ನೆಂಟರೆದುರು ಹೇಳಿಕೊಂಡು ನಾನು ಮೆರೆದದ್ದೂ ಉಂಟು.

ತಂಗಿ ಗಿರಿಜಾ ಚಿಕ್ಕೇರೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದು ತಿಂಗಳಾಗಿತ್ತು, ಏಳು ತುಂಬಿತ್ತು. ಒಂದು ಮಧ್ಯಾಹ್ನ ಅವಳಿಗೆ ನಡುಕ ಹತ್ತಿತು. ಮೂರು ಕೌದಿ ಹೊದಿಸಿದರೂ ಮಂಚ ಸದ್ದು ಮಾಡುತ್ತಿತ್ತು. ಮರುದಿನ ಏನೂ ಇಲ್ಲ. ಅದರ ಮರುದಿನ ಅದೇ ಹೊತ್ತಿಗೆ ಮತ್ತೆ ನಡುಕ. ಹಿಂದಿನ ಮನೆಯ ಶಾಹಿದಾ ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಬಂದು ಬೆರಳು ಚುಚ್ಚಿ ರಕ್ತ ನೋಡಿದಳು. ಮಲೇರಿಯಾ. ಬಸುರಿಗೆ ಈ ಜ್ವರ ಬಂದರೆ ಕೂಸಿಗೂ ಕುತ್ತು ಎಂದು ದವಾಖಾನೆಯಲ್ಲಿ ಹೇಳಿ ಗುಳಿಗೆ ಕೊಟ್ಟರು.

ಅದೇ ಸಂಜೆ ಶಾಹಿದಾ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಮನೆಮನೆಯ ಟಾಕಿ, ಬ್ಯಾರೆಲ್ಲುಗಳ ಮುಚ್ಚಳ ಎತ್ತಿ ನೋಡುತ್ತ ಬಂದಳು. ನಮ್ಮದು ಸ್ವಚ್ಛ ಮನೆ ಎಂಬ ಬಿಂಕದಲ್ಲಿ ನಾನೇ ಹಿತ್ತಿಲಿಗೆ ಕರೆದೊಯ್ದೆ. ಡೋಣಿಯ ಬಳಿ ಅವಳು ಬ್ಯಾಟರಿ ಬೆಳಕು ಬಿಟ್ಟಳು. ನೀರಿಗಿಂತ ಹುಳುವೇ ಹೆಚ್ಚಿತ್ತು.

"ಇದರಾಗ ಇಷ್ಟ ಹುಳ ಎಲ್ಲಿಂದ ಬಂದ್ವು, ಅವ್ವಾರ?"

"ನಾನ ಬಿಟ್ಟೇನಿ. ಅವೂ ಜೀವ ಅಲ್ಲೇನು?"

ಶಾಹಿದಾ ನಗಲಿಲ್ಲ, ಗದರಲೂ ಇಲ್ಲ. ಡೋಣಿಯ ನೀರು ಚೆಲ್ಲಲು ಅವ್ವ ಒಪ್ಪದಿದ್ದಾಗ, ಟಾಕಿಯ ಬಾಯಿಗೆ ಬೇರೊಂದು ಅರಿವೆ ಕಟ್ಟಿಸಿ ಹೋದಳು. ಮರುದಿನ ಮಸೀದಿಯ ನೀರಿನ ಹೌಜಿನಿಂದ ಗಪ್ಪಿ ಮೀನುಗಳನ್ನು ಸ್ಟೀಲಿನ ಡಬ್ಬಿಯಲ್ಲಿ ತಂದು, "ಇವು ಹುಳ ತಿಂತಾವ್ರಿ, ಡೋಣ್ಯಾಗ ಬಿಡ್ರಿ," ಎಂದಳು. ಅವ್ವ ಡಬ್ಬಿಯನ್ನು ಮುಟ್ಟಲಿಲ್ಲ. "ಮೀನ ಸಾಕಿ ಜೀವ ತಿನ್ನಸೂ ಪಾಪ ನನಗ ಬ್ಯಾಡ." ಡಬ್ಬಿ ಹಿತ್ತಿಲ ಕಟ್ಟೆಯ ಮೇಲೆಯೇ ಉಳಿಯಿತು.

ನೋಡಿ, ಕಣ್ಣೆದುರಿನ ಹುಳುವಿಗೆ ಮಿಡಿದ ಆ ಮನಸ್ಸು, ಅದು ರೆಕ್ಕೆ ಬಂದು ಸೊಳ್ಳೆಯಾಗಿ ಗೋಡೆ ದಾಟಿ ಯಾರ ಮಂಚದ ಬಳಿ ಇಳಿದೀತೆಂದು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ, ಓದಿದವಳು. ಎಷ್ಟು ವರ್ಷ ಓಣಿಗೆಲ್ಲ ಜ್ವರ ಹಂಚಿದೆವೋ ಎಂದು ನನಗೆ ಭಯವಾಯಿತು, ನಾಚಿಕೆಯೂ ಆಯಿತು.

ನಡುಕದ ಮೂರನೆಯ ಸರದಿಯ ದಿನ ಊಟ ಮುಗಿದ ಮೇಲೆ ಮೂವರೂ ಗಡಿಯಾರ ನೋಡುತ್ತ ಕುಳಿತಿದ್ದೆವು. ನಡುಕ ಬರಲಿಲ್ಲ. ಆದರೆ ಗಿರಿಜಾ ಹೊಟ್ಟೆಯ ಮೇಲಿನ ಕೈ ತೆಗೆಯದೆ ಮೆಲ್ಲಗೆ ಹೇಳಿದಳು:

"ಅವ್ವಾ, ಮುಂಜಾನಿಂದ ಕೂಸು ಒದೀವಲ್ದು."

ಶಾಹಿದಾ ಆಟೋ ತರಿಸಿದಳು. ದವಾಖಾನೆಯಲ್ಲಿ ನರ್ಸಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಅಲ್ಲಿ ಇಲ್ಲಿ ಸರಿಸುತ್ತ ಹೋದರು. ಬರೀ ಗೊರಗೊರ ಸದ್ದು. ಅವ್ವ ನನ್ನ ಮುಂಗೈ ಹಿಡಿದಿದ್ದಳು, ಅವಳ ಉಗುರು ನಾಟಿತ್ತು. ಆಮೇಲೆ ಪಕ್ಕೆಯ ಕೆಳಗೆಲ್ಲೋ ಕೂಸಿನ ಎದೆಬಡಿತ ಸಿಕ್ಕಿತು, ಬಲು ಬಿರುಸಾಗಿ. ಎರಡು ದಿನ ಇಲ್ಲೇ ಇರಲಿ ಎಂದರು.

ಶಾಹಿದಾಳನ್ನು ಗಿರಿಜಾಳ ಬಳಿ ಕೂರಿಸಿ, ಬಟ್ಟೆಬರೆ ತರಲು ನಾವಿಬ್ಬರೂ ಮನೆಗೆ ಬಂದೆವು. ಅವ್ವ ಚಪ್ಪಲಿ ಸಹ ಬಿಡದೆ ನೆಟ್ಟಗೆ ಹಿತ್ತಿಲಿಗೆ ನಡೆದು, ಡಬ್ಬಿ ಎತ್ತಿ ಮೀನುಗಳನ್ನು ಡೋಣಿಗೆ ಸುರಿದಳು. ಆಮೇಲೆ ಟಾಕಿಯಿಂದ ಕೊಡ ತುಂಬಿ, ಎಂದಿನಂತೆ ಸೋಸಿ, ಎಂದಿನಂತೆ ಅರಿವೆಯನ್ನು ಡೋಣಿಯಲ್ಲಿ ಮೆಲ್ಲಗೆ ಅದ್ದಿದಳು. ಮೀನುಗಳು ಮೇಲೆದ್ದು ಬಂದವು. ಅವ್ವ ಈ ಸಲ ಕಣ್ಣು ಮುಚ್ಚಲಿಲ್ಲ.