ರಾಳ ಹಚ್ಚುವ ಕೈ

ಬಿಸಿಯಾದ ಬೆಲ್ಟಿಗೆ ರಾಳ ತಾಗಿದರೆ ಒಂದು ವಾಸನೆ ಏಳುತ್ತದೆ, ಅರ್ಧ ಲೋಬಾನದಂತೆ, ಅರ್ಧ ಸುಟ್ಟ ರಬ್ಬರಿನಂತೆ. ಮೂರು ವರ್ಷದ ಹಿಂದೆ ಬ್ಯಾಡಗಿಯ ಒಂದು ಖಾರದ ಗಿರಣಿಯಲ್ಲಿ ಕಾರ್ಮಿಕನೊಬ್ಬನ ಕೈ ಯಂತ್ರಕ್ಕೆ ಸಿಕ್ಕ ಸುದ್ದಿ ಬರೆಯಲು ಹೋದಾಗ ಆ ವಾಸನೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು. ಗಿರಣಿ ನಿಂತಿತ್ತು. ಗಾಯಾಳುವನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಸೀನುತ್ತಿದ್ದರೂ ನನ್ನ ಮೂಗಿಗೆ ಹತ್ತಿದ್ದು ರಾಳವೇ. "ಅವಂದಽ ತಪ್ಪರಿ. ಕೈಯಾಗ ಕಡಗ ಹಾಕ್ಕೊಂಡಿದ್ದ" ಎಂದ ಮೇಸ್ತ್ರಿ. ಬರೆದುಕೊಂಡೆ. ಬರೆದುಕೊಳ್ಳುತ್ತಿದ್ದಂತೆ ರಾಣೆಬೆನ್ನೂರಿನ ನಮ್ಮ ಮನೆ, ಅದಕ್ಕೆ ಅಂಟಿಕೊಂಡಿದ್ದ ಹಿಟ್ಟಿನ ಗಿರಣಿ, ಶಾಂತತ್ತೆಯ ಬಲಗೈ ಎಲ್ಲ ಒಟ್ಟಿಗೆ ನೆನಪಾದವು.

ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಎಂಜಿನ್ ಶುರುವಾದರೆ ಅಡುಗೆಮನೆಯ ತಾಟುಗಳು ಸಣ್ಣಗೆ ನಡುಗುತ್ತಿದ್ದವು. ನಡುಕ ನಿಂತರೆ ಅವ್ವ ಎಲ್ಲರೂ ಉಣ್ಣಲು ಬರುವ ಹೊತ್ತಾಯಿತೆಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಹಾಸಿಗೆ, ಬಟ್ಟೆ, ನನ್ನ ಪಾಟಿಚೀಲ, ಎಲ್ಲದರ ಮೇಲೂ ಜೋಳದ ಹಿಟ್ಟಿನ ತೆಳು ಪದರ. ನಿಮ್ಮ ಮನೆಯಲ್ಲೂ ಇಂಥದೊಂದು ಸದ್ದು ಇದ್ದಿರಬಹುದು, ಮನೆಯೇ ಇಲ್ಲವಾದ ಮೇಲೂ ಕಿವಿ ಬಿಡದಂಥದು. ಗಿರಣಿ ಅಜ್ಜನದು. ಅಪ್ಪ ಹಾವೇರಿಯ ಕಚೇರಿಗೆ ಹೋಗಿಬರುತ್ತಿದ್ದ. ಶಾಂತತ್ತೆ ಅಪ್ಪನ ತಂಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಗಿರಣಿಯ ಕೆಲಸಕ್ಕೆ ನಿಂತವಳು. ಎಂಜಿನ್ನಿನಿಂದ ಗಿರಣಿಯ ಗಾಲಿಗೆ ಸುತ್ತುವ ಅಗಲದ ಬೆಲ್ಟು ಜಾರತೊಡಗಿದರೆ, ಓಡುತ್ತಿರುವಾಗಲೇ ಅದಕ್ಕೆ ರಾಳದ ಉಂಡೆಯನ್ನು ಒತ್ತಿ ಹಿಡಿಯಬೇಕು. ಅಜ್ಜ ಕಾಳು ಸುರಿಯುವಲ್ಲಿಂದ ಕದಲುವಂತಿರಲಿಲ್ಲ. ಆ ಕೆಲಸ ಅವಳದೇ ಆಗಿತ್ತು, ಯಾಕೆಂದರೆ ಅವಳ ಕೈಯಲ್ಲಿ ಬಳೆ ಇರಲಿಲ್ಲ. ಮುತ್ತೈದೆಯರು ಬಳೆ ತೆಗೆಯುವಂತಿಲ್ಲ, ಬಳೆಯಿರುವ ಕೈ ಬೆಲ್ಟಿನ ಹತ್ತಿರ ಹೋಗುವಂತಿಲ್ಲ. "ಬಳಿ ಕೈಯವರು ದೂರ ನಿಂದರ್ರಿ" ಎಂದು ಅಜ್ಜ ಕೂಗುತ್ತಿದ್ದ. ವಿಧವೆಯ ಬರಿಗೈಯನ್ನು ನಮ್ಮ ಮನೆ ಹೀಗೆ ಉಪಯೋಗಕ್ಕೆ ತಂದುಕೊಂಡಿತ್ತು. ಆಗ ಅದು ಯಾರಿಗೂ ವಿಚಿತ್ರವೆನಿಸಿರಲಿಲ್ಲ, ಅತ್ತೆಗೂ.

ಅವಳಿಗೆ ಆ ಕೆಲಸದ ಹೆಮ್ಮೆಯೇ ಇತ್ತು. ಕುಪ್ಪೇಲೂರಿನಿಂದ ಸಂತೆಗೆ ಬಂದಾಗಲೆಲ್ಲ ಖಾರ ಕುಟ್ಟಿಸಲು ಬರುತ್ತಿದ್ದ ಗಂಗವ್ವ ಅವಳನ್ನು ಕೆಣಕುವಳು: "ಏನಽ ಶಾಂತಕ್ಕ, ನಿಮ್ಮ ಎಂಜಿನ್ನಿಗೆ ನಮ್ಮ ಮನಿಯವ್ರ ಕೆಮ್ಮು ಹತ್ತೇತಲ್ಲ!"

"ಹಂಗಾರ ಅವ್ರಿಗೂ ಮುಂಜಾನೆದ್ದು ಒಂದ ವಾಟಗಾ ಡೀಸೆಲ್ ಕುಡಸು. ಊರ ತುಂಬ ಓಡ್ಯಾಡ್ತಾರ."

"ಈಗೇನು ಓಡ್ಯಾಡೂದು ಕಡಿಮಿ ಐತೇನ ನಮ್ಮವ್ವ!"

ನನಗೆ ಒಂಬತ್ತು ವರ್ಷವಿದ್ದಾಗ ಬಸುರಿಯಾಗಿದ್ದ ಅವ್ವನಿಗೆ ಕುಬಸ ಮಾಡಿದರು. ಪಡಸಾಲೆಯ ತುಂಬ ಹೆಂಗಸರು, ಹಸಿರು ಸೀರೆ, ಬಳೆ ಇಡಿಸುವ ಸದ್ದು. ಗಿರಣಿ ಮಾತ್ರ ನಿಂತಿರಲಿಲ್ಲ, ಹೊರಗೆ ಜನ ಕಾಯುತ್ತಿದ್ದರು. ಅತ್ತೆ ಎಲ್ಲರಿಂದ ದೂರ, ಹಿಂದಿನ ಕೋಣೆಯಲ್ಲಿ ಚೀಲಗಳ ನಡುವೆ ಕುಳಿತಿದ್ದಳು. ಬಳೆಗಾರ್ತಿಯಿಂದ ಒಂದು ಪ್ಲಾಸ್ಟಿಕ್ ಬಳೆ ಕೇಳಿ ಇಸಿದುಕೊಂಡು ನಾನು ಅಲ್ಲಿಗೆ ಓಡಿದೆ.

"ಅತ್ತಿ, ಹಾಕ್ಕೋ."

"ಹುಚ್ಚಿ, ನನಗ್ಯಾಕವಾ? ಯಾರರ ನೋಡಿದ್ರ?"

"ನಾ ಯಾರಿಗೂ ಹೇಳೂದಿಲ್ಲ."

"ಒಂದ ಗಳಿಗಿ ಅಷ್ಟಽ ಮತ್ತ" ಎಂದು ಬಳೆ ಏರಿಸಿ, ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಅಜ್ಜನ ಕೂಗು ಬಂತು: "ಶಾಂತಾ, ಬೆಲ್ಟ ಜಾರಾಕತ್ತೇತಿ, ಲಗೂ ಬಾ!" ಅವಳು ಓಡಿದಳು. ಬಳೆ ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ನನಗೆ ಕೇಳಿಸಿದ್ದು ಬೆಲ್ಟು ಕಳಚಿ ನೆಲಕ್ಕೆ ಬಡಿದ ಸದ್ದು ಮಾತ್ರ. ಬೆಲ್ಟಿನ ಎರಡು ತುದಿ ಹೆಣೆದಿದ್ದ ತಂತಿಗೆ ಬಳೆ ಸಿಕ್ಕು, ಗಾಲಿ ಕೈಯನ್ನು ಎಳೆದುಕೊಂಡಿತ್ತು. ಬಲಗೈಯ ನಾಲ್ಕು ಬೆರಳು ಹೋದವು. ಹೇಗಾಯಿತೆಂದು ಡಾಕ್ಟರು ಕೇಳಿದಾಗ ಅಜ್ಜ, "ಬಳಿ ಸಿಕ್ಕೊಂಡತ್ರಿ ಸಾಹೇಬ್ರ" ಎಂದ. ಮನೆಗೆ ಬಂದ ಮೇಲೆ, "ಆ ಬಳಿ ಯಾರು ಕೊಟ್ರು?" ಎಂದು ಕೇಳಿದ. "ಯಾರೂ ಕೊಟ್ಟಿಲ್ಲ. ನಾನಽ ಹಾಕ್ಕೊಂಡೆ" ಎಂದಳು ಅತ್ತೆ, ನನ್ನ ಕಡೆ ನೋಡದೆ. ಗಂಡ ಸತ್ತವಳು ಬಳೆಗೆ ಆಸೆಪಟ್ಟಳು, ಕೈ ಕಳೆದುಕೊಂಡಳು: ಅಂದಿನಿಂದ ನಮ್ಮ ಓಣಿಯಲ್ಲಿ ಇದೇ ಕತೆ. ಅತ್ತೆ ಮತ್ತೆ ಗಿರಣಿಯೊಳಗೆ ಕಾಲಿಡಲಿಲ್ಲ.

ಒಂದು ವಾರದ ಮೇಲೆ ಅಜ್ಜ ಹಿತ್ತಲಿಗೆ ಬಂದ. ಅಲ್ಲಿ ನಾಲ್ಕು ಇಟ್ಟಂಗಿಗಳ ಮೇಲೆ ಒಂದು ಕಬ್ಬಿಣದ ಜಾಲರಿ ಇತ್ತು. ಅದರ ಮೇಲೆ ಬಟ್ಟೆ ಹಾಸಿ ಅವ್ವ ಸಂಡಿಗೆ ಒಣಗಿಸುತ್ತಿದ್ದಳು. ಅಜ್ಜ ಆ ಬಟ್ಟೆಯನ್ನು ಸಂಡಿಗೆ ಚೆಲ್ಲದಂತೆ ಎತ್ತಿ ಕಟ್ಟೆಯ ಮೇಲಿಟ್ಟ. ಜಾಲರಿಯನ್ನು ಗಿರಣಿಗೆ ಒಯ್ದು ಬೆಲ್ಟಿನ ಮುಂದೆ ನಿಲ್ಲಿಸಿ ನಾಲ್ಕು ಬೋಲ್ಟು ಬಿಗಿದ. ಅಳತೆ ತೆಗೆದು ಮಾಡಿಸಿದಂತೆ ಕೂತುಕೊಂಡಿತು. ಅದು ಯಂತ್ರದ ಜೊತೆಗೇ ಬಂದದ್ದೆಂದು ಎಷ್ಟೋ ವರ್ಷದ ಮೇಲೆ ಅಪ್ಪ ಹೇಳಿದ. ಜಾಲರಿ ಇದ್ದರೆ ರಾಳ ಹಚ್ಚಲು ಪ್ರತಿ ಸಲ ಎಂಜಿನ್ ನಿಲ್ಲಿಸಬೇಕು, ಜನ ಕಾಯುತ್ತಾರೆ. ಹಾಗಾಗಿ ಅತ್ತೆ ತವರಿಗೆ ಬರುವ ಮೊದಲೇ ಅಜ್ಜ ಅದನ್ನು ಬಿಚ್ಚಿಟ್ಟಿದ್ದ. ಆಮೇಲೆ ಬದುಕಿದ್ದಷ್ಟು ದಿನ ಅಜ್ಜ ತಾನು ಉಣ್ಣುವ ಮೊದಲು ಅತ್ತೆಯ ತಾಟಿನ ರೊಟ್ಟಿಯನ್ನು ತುಣುಕು ತುಣುಕಾಗಿ ಮುರಿದಿಡುತ್ತಿದ್ದ. ಜಾಲರಿಯ ಮಾತು ಒಮ್ಮೆಯೂ ಆಡಲಿಲ್ಲ. ನಾನೂ ಆಡಲಿಲ್ಲ. ಬಳೆಯ ಮಾತೆತ್ತದೆ ಜಾಲರಿಯ ಮಾತೆತ್ತಲು ಆಗುತ್ತಿರಲಿಲ್ಲ.

ಬ್ಯಾಡಗಿಯಿಂದ ಬಂದ ಸಂಜೆ ಮಾತೆತ್ತಿದೆ. ಅತ್ತೆ ಆಗ ನನ್ನ ಜೊತೆಗೇ ಇದ್ದಳು, ಎಡಗೈಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಅತ್ತಿ, ಬೆಲ್ಟಿಗೆ ಜಾಲರಿ ಇದ್ದಿದ್ರ, ನಾ ಕೊಟ್ಟ ಬಳಿ ಇದ್ರೂ ನಿನ್ನ ಕೈ ಹೋಗ್ತಿರಲಿಲ್ಲ" ಎಂದೆ.

ಅವಳ ಕೈ ನಿಂತಿತು. "ನಮ್ಮಪ್ಪಗ ಗೊತ್ತಿತ್ತೇನು?"

ಅಜ್ಜ ಜಾಲರಿ ಬಿಚ್ಚಿಟ್ಟಿದ್ದನ್ನು, ಆಮೇಲೆ ಹಿತ್ತಲಿನಲ್ಲಿ ನಾನು ನೋಡಿದ್ದನ್ನು ಹೇಳಿದೆ. ಅವಳು ಬಿಡಿಸಿದ ಸೊಪ್ಪನ್ನು ಒಂದು ಕಡೆ ಸರಿಸಿಟ್ಟಳು.

"ಒಂದ ಸರ್ತಿ ನನ್ನ ಮುಂದ ಅಂದಿದ್ರ ಸಾಕಿತ್ತವಾ. ರೊಟ್ಟಿ ನಾನಽ ಮುರ್ಕೊಂತಿದ್ದೆ."

ಅತ್ತೆ ತೀರಿಕೊಂಡು ವರ್ಷವಾಯಿತು. ಮನೆ, ಗಿರಣಿ ಎರಡೂ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ ಇದೆ. ಅಂದಿನ ಅಪಘಾತವನ್ನು ಯಾರೂ ಬರೆದಿಡಲಿಲ್ಲ. ಬರೆದಿದ್ದರೂ ಬಳೆ ಸಿಲುಕಿ ಎಂದೇ ಇರುತ್ತಿತ್ತು. ನಡೆದದ್ದು ಇಷ್ಟು: ಜಾಲರಿ ಬಿಚ್ಚಿದವನು ಅಜ್ಜ. ಬಳೆ ಕೊಟ್ಟವಳು ನಾನು. ಅತ್ತೆ ಮಾಡಿದ್ದೆಂದರೆ, ಕರೆದ ಕೂಡಲೇ ಓಡಿಹೋದದ್ದು.