ಅಕ್ಕತಂಗಿ ಮಾತಾಡದ ಪದ್ಧತಿ

ಹಾಸಿಗೆ ಹೊಲಿಯುವ ಅಕ್ಕನ ಬಾಯಿ ಇಡೀ ಬೀದಿಗೆ ಗೊತ್ತು. ಹತ್ತಿಯಲ್ಲಿ ಕಸ ಕಂಡರೆ ತಂದವನ ತಲೆಯ ಮೇಲೇ ಸುರಿಯುವ ಹೆಂಗಸು. ಆದರೆ ಪಕ್ಕದ ಮನೆಯಲ್ಲೇ ಇದ್ದ ಒಡಹುಟ್ಟಿದ ತಂಗಿಯ ಜೊತೆ ಮಾತ್ರ ವರ್ಷಗಳಿಂದ ಮಾತಿಲ್ಲ, ಕತೆಯಿಲ್ಲ. ತಪ್ಪು ಅಕ್ಕನದೇ. ತಂಗಿ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಾಗ, ಅಮ್ಮ ಅವಳಿಗೆಂದೇ ಬಿಟ್ಟುಹೋಗಿದ್ದ ಹೊಲಿಗೆ ಯಂತ್ರವನ್ನು ಎತ್ತಿಕೊಂಡು ಬಂದವಳು ಇವಳು.

ಹಾಗಿರುವಾಗ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕ ಬಂದ. ಈ ಕಡೆಯವರ ಸಂಸ್ಕೃತಿಯನ್ನು ಅಧ್ಯಯನ ಮಾಡಬೇಕಂತೆ! ಎಲ್ಲ ಸಮಾಜವೂ ಎದುರುಬದುರು ಎರಡು ಪಾಲಾಗಿಯೇ ನಿಂತಿರುತ್ತದೆ ಎಂಬ ಸಿದ್ಧಾಂತವನ್ನು ಬರುವಾಗಲೇ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ ಪುಣ್ಯಾತ್ಮ. "ತಂಗಿ ಜೊತೆ ಯಾಕಮ್ಮ ಮಾತಾಡಲ್ಲ?" ಎಂದು ಕೇಳಿದ. ಮನೆಯ ಮಾನ ಬೀದಿಗೆ ಯಾಕೆ ಎಂದುಕೊಂಡ ಅಕ್ಕ, "ನಮ್ಮಲ್ಲಿ ಆ ಪದ್ಧತಿ ಇಲ್ಲ" ಎಂದುಬಿಟ್ಟಳು. ಅವನ ಮುಖ ಅರಳಿತು.

ಪುಸ್ತಕ ಅಚ್ಚಾಯಿತು. ಅದನ್ನು ಹಿಡಿದುಕೊಂಡು ಅವನು ಬಂದ ದಿನವೇ ತಂಗಿ ಮನೆ ಖಾಲಿ ಮಾಡುತ್ತಿದ್ದಳು. ಬಾಗಿಲಲ್ಲಿ ಲಾರಿ ನಿಂತಿತ್ತು. ಇವತ್ತು ಮಾತಾಡದಿದ್ದರೆ ಇನ್ನೆಂದೂ ಇಲ್ಲ ಎಂದು ಅಕ್ಕ ಒಳಗೂ ಹೊರಗೂ ಓಡಾಡುತ್ತಿದ್ದಳು. ಇವನೋ, ಮೊದಲು ತಂಗಿಗೆ ಓದಿ ಹೇಳಿ, ಆಮೇಲೆ ಇಲ್ಲಿಗೆ ಬಂದು ಪುಟ ಬಿಚ್ಚಿದ: ಈ ಬೀದಿಯಲ್ಲಿ ಮದುವೆಯಾದ ಅಕ್ಕತಂಗಿಯರು ಮಾತಾಡುವಂತಿಲ್ಲ, ಆ ಮೌನದಿಂದಲೇ ಎರಡೂ ಮನೆಗಳು ಸಮತೋಲನದಲ್ಲಿವೆ.

"ಥೂ! ಯಾವ ಸೀಮೆ ಸಮತೋಲನ? ಸುಳ್ಳು ಹೇಳಿದ್ದೆ ಕಣಯ್ಯ! ಅವಳ ಮಿಷನ್ ನಾನು ಕದ್ದೆ, ಅದಕ್ಕೆ ಜಗಳ!"

ಅವನು ಮಗುವನ್ನು ರಮಿಸುವಂತೆ ನಕ್ಕ. "ಜಗಳ ಬರೀ ನೆಪ ಅಮ್ಮ. ಒಳಗಿರೋರಿಗೆ ತಮ್ಮ ಪದ್ಧತಿ ಕಾಣಿಸಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವನ ತೋಳು ಹಿಡಿದು ದರದರ ಎಳೆದುಕೊಂಡು ಹೋಗಿ ಲಾರಿಯ ಮುಂದೆ ನಿಲ್ಲಿಸಿದಳು. ತಂಗಿ ಪಾತ್ರೆಯ ಚೀಲ ಎತ್ತಿಕೊಡುತ್ತಿದ್ದಳು.

"ಲೇ, ಮಿಷನ್ ತಗೊಂಡು ಹೋಗೇ. ನಂದು ತಪ್ಪಾಯ್ತು. ಒಂದು ಮಾತಾಡೇ, ಬೇಕಾದ್ರೆ ಬೈಯೇ!"

ತಂಗಿ ಅಕ್ಕನ ಕಡೆ ತಿರುಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸಂಶೋಧಕನನ್ನೇ ನೋಡಿದಳು.

"ಸಾರ್, ಆಗಲೇ ಓದಿ ಹೇಳಿದ್ರಲ್ಲ, ಸರಿಯಾಗೇ ಬರೆದಿದ್ದೀರ. ಅವರಿಗೂ ಹೇಳಿಬಿಡಿ. ನಮ್ಮಲ್ಲಿ ಅಕ್ಕತಂಗಿ ಮಾತಾಡೋ ಪದ್ಧತಿ ಇಲ್ಲ."

ಲಾರಿ ಹೊರಟುಹೋಯಿತು.

"ನೋಡಿದ್ರಾ ಅಮ್ಮ?" ಎಂದ ಅವನು, ನಿಜವಾದ ಸಂತೋಷದಿಂದ, ಪೆನ್ನು ತೆಗೆಯುತ್ತಾ. ಅಕ್ಕ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಬೈಗುಳವೂ ಬರಲಿಲ್ಲ.