ಮೂವತ್ತೊಂಬತ್ತು ಪಾಯಿಂಟ್ ನಾಲ್ಕು

ನಂಗೆ ಹಾವು ಅಂದ್ರೆ ಅಂಥ ಭಯ ಇಲ್ರೀ. ಥರ್ಮಾಮೀಟರ್ ಅಂದ್ರೆ ಐತೆ. ಹಾವು ಬುಸ್ ಅಂತ ಮುಂಚೇನೇ ಹೇಳ್ತೈತೆ. ಇದು ಕಂಕುಳಾಗೆ ಸುಮ್ನೆ ಕೂತ್ಕಂಡು, ಯೋಚನೆ ಮಾಡಿ, ಆಮೇಲೆ ಪೀಂ ಅಂತೈತೆ. ಆ ಪೀಂ ಆದ್ಮೇಲೆ ನೋಡಾಕೆ ಧೈರ್ಯ ಬೇಕು.

ನಮ್ ಕಡೆ ಬಿಸಿಗೆ ಎರಡು ಭಾಷೆ. ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್. ಜಗಳೂರಾಗೆ ನಲವತ್ತು ಅಂದ್ರೆ ಕಾಗೆನೂ ಕೊಡೆ ಕೇಳ್ತೈತೆ. ಮನುಷ್ಯಂಗೆ ನೂರು ಅಂದ್ರೆ ಒಂದು ಮಾತ್ರೆ, ಒಂದು ಲೋಟ ಗಂಜಿ, ಅಷ್ಟೇ. ಅಜ್ಜಿ ಹತ್ರ ಮೂರನೇದೂ ಐತೆ: ಉಷ್ಣ. ಪರಂಗಿ ಹಣ್ಣು ಫ್ರಿಜ್ಜಾಗಿಟ್ರೂ ಉಷ್ಣಾನೇ. ಅದನ್ನ ಅಳೆಯೋ ಯಂತ್ರ ಇನ್ನೂ ಹುಟ್ಟಿಲ್ಲ.

ಹೋದ ಬೇಸಿಗೇಲಿ ನನ್ ತಮ್ಮ ಪುಟ್ಟ ಜ್ವರ ಬಂದು ಮಲಗಿದ್ದ. ಎರಡನೇ ಕ್ಲಾಸು, ಎದ್ದಿದ್ರೆ ನಮ್ಮೂರು ನಲ್ಲೂರಿಗೆಲ್ಲ ಕೇಳಂಗೆ ಮಾತಾಡ್ತಾನೆ. ಅವತ್ತು ಮಧ್ಯಾಹ್ನ ಒಂದು ಮಾತಿಲ್ಲ. ನಂಗೆ ಅಲ್ಲೇ ಅರ್ಧ ಜೀವ ಹೋಗಿತ್ತು. ಅಮ್ಮ ಹಣೆ ಮುಟ್ಟಿ, ಹಂಚಿನಂಗೆ ಸುಡ್ತೈತೆ ಅಂದ್ಲು. ನಾನು ಪಿಯುಸಿ ಸೈನ್ಸು. ಕೈಲಿ ನೋಡೋದೆಲ್ಲ ಮೂಢನಂಬಿಕೆ ಅಂತ ಭಾಷಣ ಬಿಗಿದು ಥರ್ಮಾಮೀಟರ್ ಇಟ್ಟೆ. ಪೀಂ. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು.

ಇರಬೇಕಾದ್ದು ತೊಂಬತ್ತೆಂಟು. ತಲೇಲೇ ಕಳೆದೆ. ಹತ್ರಹತ್ರ ಅರವತ್ತು ಡಿಗ್ರಿ ಇಳಿದೈತೆ. ಮನುಷ್ಯರು ತಣ್ಣಗಾಗೋದು ಯಾವಾಗ ಅಂತ ನಿಮಗೂ ಗೊತ್ತಲ್ಲ. ನಂಬರ್ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿ ಮಾತ್ರ ನಂಬರ್ ಕೇಳಿ, "ಜಗಳೂರಿಗಿಂತ ತಂಪಾಗವ್ನೆ ಬಿಡೇ" ಅಂದ್ಲು.

ಒಳಗೆ ತಣ್ಣಗಾಗ್ತಿದ್ರೆ ಮೇಲೆ ಸುಡ್ತೈತೆ ಅಂತ ನಿಂತಲ್ಲೇ ಒಂದು ಥಿಯರಿ ಕಟ್ಟಿದೆ. ಕಂಬಳಿ ತಂದು ಹೊದಿಸಿದೆ. ಅಮ್ಮ ಹಣೆಗೆ ಹಾಕಾಕೆ ತಂದ ಒದ್ದೆ ಬಟ್ಟೆ ಕಿತ್ಕಂಡೆ.

"ತಣ್ಣೀರು ಬ್ಯಾಡಮ್ಮ. ಸತ್ತೋಗ್ತಾನೆ."



ಕಂಬಳಿ ಒಳಗಿಂದ ಪುಟ್ಟ ಒಂದು ಕಣ್ಣು ಬಿಟ್ಟ. "ಅಕ್ಕಾ, ಆ ಗುಂಡಿ ಒತ್ತಿ ಹಿಡಿಯೇ. ನೆನ್ನೆ ಆಟ ಆಡ್ತಾ ಎಫ್ ಇದ್ದದ್ದನ್ನ ನಾನೇ ಸಿ ಮಾಡಿದ್ದೆ."

ಒತ್ತಿ ಹಿಡಿದು ಇನ್ನೊಂದ್ಸಲ ಇಟ್ಟೆ. ಹತ್ರಹತ್ರ ನೂರಾ ಮೂರು. ನೂರಾ ಮೂರು ಜ್ವರ ಅಂತ ಕೇಳಿ ಉಸಿರು ಬಿಟ್ಟ ಮನೆ ಈ ಜಿಲ್ಲೇಲಿ ನಮ್ದೊಂದೇ ಇರಬೇಕು. ಅಪ್ಪ ಚನ್ನಗಿರಿ ಡಾಕ್ಟ್ರ ಹತ್ರ ಹೋಗಾಕೆ ಬೈಕ್ ತೆಗೆದ. ಅಮ್ಮ ಬಟ್ಟೆ ವಾಪಸ್ ಇಸ್ಕಳಾಕೆ ಬಂದೋಳು ನನ್ ಕೈ ಹಿಡಿದು ಹಂಗೇ ನಿಂತ್ಲು.

"ಅವಂದಿರ್ಲಿ, ನಿನ್ ಕೈ ಯಾಕೇ ಹಿಂಗೆ ಐಸಾಗೈತೆ?"

ಪುಟ್ಟ ವಾರದಾಗೆ ಎದ್ದು ಮತ್ತೆ ಊರಿಗೆಲ್ಲ ಕೇಳಂಗೆ ಮಾತಾಡಾಕೆ ಹತ್ತಿದ. ಮೊದಲನೇ ಸುದ್ದಿ ನಂದೇ. ಈಗ್ಲೂ ಪೀಂ ಅಂದ್ರೆ ನಾನು ನಂಬರ್ ನೋಡಲ್ಲ, ಅದರ ಪಕ್ಕದ ಅಕ್ಷರ ನೋಡ್ತೀನಿ. ಅದಕ್ಕೂ ಮುಂಚೆ, ಯಾರಿಗೂ ಕಾಣದಂಗೆ, ನನ್ ಕೈ ನಾನೇ ಮುಟ್ಟಿ ನೋಡ್ಕಂತೀನಿ.